ಬಿಸಿ ಹುಡುಕುವ ಕಣ್ಣು, ತಿರುಗಿ ನಿಂತ ದೇವಯ್ಯ

ತರೀಕೆರೆ ಕಡೆ ಅಡಿಕೆ ಬೇಯಿಸೋ ಒಲೆ ಮುಂದೆ ಕಣ್ಣು ಮುಚ್ಚಿಕೊಂಡು ನಿಂತರೂ ಬೆಂಕಿ ಯಾವ ದಿಕ್ಕಿಗಿದೆ ಅಂತ ಕೆನ್ನೆಯೇ ಹೇಳುತ್ತದೆ. ಕೆನ್ನೆಗೆ ತಾಗುವುದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು, ಅವಕೆಂಪು ಕಿರಣ. 1800ರಲ್ಲಿ ಇದನ್ನು ಗುರುತಿಸಿದವನು ವಿಲಿಯಂ ಹರ್ಷೆಲ್. ಬಳಸಿದ್ದು ಬರೀ ಪಟ್ಟಕ ಮತ್ತು ಥರ್ಮಾಮೀಟರ್. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಿರಣದ ಜಾಡು ಹಿಡಿದು ವಿಮಾನಗಳನ್ನು ಬೆನ್ನಟ್ಟುವ ಕ್ಷಿಪಣಿ ತಯಾರಾಯಿತು.

ಅದರ ಹೆಸರು ಸೈಡ್‌ವೈಂಡರ್. ಅಮೆರಿಕದ ಚೈನಾ ಲೇಕ್ ಎಂಬ ಮರುಭೂಮಿಯ ನೌಕಾಪಡೆ ಕೇಂದ್ರದಲ್ಲಿ ವಿಲಿಯಂ ಮೆಕ್ಲೀನ್ ಮತ್ತು ಜೊತೆಗಾರರು ಮಾಡಿದ್ದು. 1953ರಲ್ಲಿ ಮೊದಲ ಗುರಿ ಹೊಡೆಯಿತು, 1956ಕ್ಕೆ ಸೇವೆಗೆ ಬಂತು. ಹೆಸರು ಒಂದು ಹಾವಿನದು. ಕಣ್ಣಿಗೂ ಮೂಗಿಗೂ ನಡುವಿನ ಗುಳಿಯಿಂದ ಬೇಟೆಯ ಮೈಬಿಸಿ ಹಿಡಿಯುವ ಜಾತಿ. ನಮ್ಮ ಪಶ್ಚಿಮಘಟ್ಟದ ಗುಳಿಮಂಡಲಕ್ಕೂ ಅಂಥದೇ ಗುಳಿ ಇದೆ. ರೇಡಾರ್ ಕೂಗಿ, ಪ್ರತಿಧ್ವನಿಗೆ ಕಾಯುತ್ತದೆ. ಕೂಗಿದ್ದು ಎದುರಾಳಿಗೂ ಕೇಳುತ್ತದೆ. ಇದು ಬಾಯೇ ಬಿಡುವುದಿಲ್ಲ, ಸುಮ್ಮನೆ ನೋಡುತ್ತದೆ.

ಆದರೆ ಬಿಸಿ ಕಾಣೋದು ಸುಲಭ, ಯಾವ ಬಿಸಿ ಅಂತ ತಿಳಿಯೋದೇ ಕಷ್ಟ. ಕಡೂರಿನ ಬಯಲಿನ ಮೇಲೆ ಮಧ್ಯಾಹ್ನ ತೇಲುವ ಮೋಡವೂ ಬಿಸಿಲಿಗೆ ಹೊಳೆಯುತ್ತದೆ. ಏಪ್ರಿಲ್ ಸಂಜೆ ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ನಿಂತು ನೋಡಿ, ಸೂರ್ಯ ಮುಳುಗಿದ ಮೇಲೂ ನೆಲ ಕಾವು ಬಿಡುತ್ತಲೇ ಇರುತ್ತದೆ. ಇದಕ್ಕೆ ಮೆಕ್ಲೀನ್ ತಂಡದ ಉಪಾಯ ತುಂಬಾ ಚೆಂದದ್ದು. ಸೀಸದ ಸಲ್ಫೈಡ್‌ನ ಪುಟ್ಟ ಸಂವೇದಕದ ಮುಂದೆ ಸೈಕಲ್ ಚಕ್ರದ ಕಡ್ಡಿಗಳಂತೆ ಪಟ್ಟಿಗಳಿರುವ ಬಿಲ್ಲೆ ಇಟ್ಟರು. ಚಕ್ಕೆಯಷ್ಟು ಸಣ್ಣ ಬಿಸಿಚುಕ್ಕಿಯಾದರೆ ಪಟ್ಟಿಗಳ ಹಿಂದೆ ಕಂಡು, ಮರೆಯಾಗಿ ಮಿಣುಕುತ್ತದೆ. ಮೋಡ ದೊಡ್ಡದು, ಹತ್ತಾರು ಪಟ್ಟಿಗಳನ್ನು ಒಟ್ಟಿಗೆ ತುಂಬುತ್ತದೆ, ಹಾಗಾಗಿ ಮಿಣುಕುವುದಿಲ್ಲ. ಮಿಣುಕುವ ಲಯದಿಂದಲೇ ಗುರಿ ಯಾವ ಪಕ್ಕಕ್ಕೆ ಸರಿಯುತ್ತಿದೆ ಅಂತ ಲೆಕ್ಕ ಸಿಗುತ್ತದೆ. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ. ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ಇಂಥ ಪರಿಹಾರ ಹೇಳಿದರೆ ಯಾರೂ ನಂಬಲ್ಲ ಬಿಡಿ.

ಆದರೂ ಮಿತಿಗಳಿದ್ದವು. ಆ ಕಾಲದ ಸಂವೇದಕಕ್ಕೆ ಕಾಣುತ್ತಿದ್ದುದು ಎಂಜಿನ್ ಬಾಲದ ಕೆಂಡದಂಥ ಲೋಹ ಮಾತ್ರ, ಅಂದರೆ ಹಿಂದಿನಿಂದಲೇ ಹೊಡೆಯಬೇಕು. ಗುರಿ ನೆಲಕ್ಕೆ ಹತ್ತಿರ ಹಾರುತ್ತಿದ್ದರಂತೂ ಅದರ ಹಿಂದಿನ ನೆಲದ ಕಾವಿನಲ್ಲಿ ಚುಕ್ಕಿ ಕಳೆದೇ ಹೋಗುತ್ತಿತ್ತು.

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಹೀಗೇ ಆಯಿತು. ಆದಂಪುರದಿಂದ ಹೊರಟ ವಾಯುಸೇನೆಯ ನಂ. 1 ಸ್ಕ್ವಾಡ್ರನ್‌ನ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ಅದರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದರು. ಪಟ್ಟಿಯಲ್ಲಿ ಅವರು ಮೀಸಲು ಪೈಲಟ್. ವಾಪಸಾಗುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಶಬ್ದದ ಎರಡರಷ್ಟು ವೇಗ, ರೆಕ್ಕೆಯಲ್ಲಿ ಸೈಡ್‌ವೈಂಡರ್. ಬಿಟ್ಟ ಕ್ಷಿಪಣಿ ನೆಲಕ್ಕೆ ಬಿತ್ತು. ಆಮೇಲೆ ಅಮ್ಜದ್ ಫಿರಂಗಿಯಿಂದ ಹೊಡೆದರು. ಏಟು ತಿಂದ ದೇವಯ್ಯ ಓಡಲಿಲ್ಲ, ಓಡಿದ್ದರೂ ಆ ವೇಗದ ಮುಂದೆ ಉಪಯೋಗವಿರಲಿಲ್ಲ. ತಿರುಗಿ ಬಿದ್ದರು. ನೇರ ಓಟದಲ್ಲಿ ಸ್ಟಾರ್‌ಫೈಟರ್‌ಗೆ ಸಾಟಿಯಿಲ್ಲ, ತಿರುವಿನಲ್ಲಿ ಮಾತ್ರ ಅದು ಒದ್ದಾಡುತ್ತದೆ. ಮಿಸ್ಟೇರ್‌ನ 30 ಮಿ.ಮೀ. ಫಿರಂಗಿಗಳ ಹೊಡೆತಕ್ಕೆ ಸ್ಟಾರ್‌ಫೈಟರ್ ಬಿತ್ತು. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ.

ಈ ಕಾಳಗವನ್ನು ನಮ್ಮ ಕಡೆಯವರು ಒಬ್ಬರೂ ನೋಡಿರಲಿಲ್ಲ. ಉಳಿದ ವಿಮಾನಗಳು ಮುಂದೆ ಹೋಗಿದ್ದವು. ಕಾಗದದಲ್ಲಿ ಅವರು ವಾಪಸಾಗದ ಒಬ್ಬ ಪೈಲಟ್, ಅಷ್ಟೇ.

ಅಷ್ಟರಲ್ಲಿ ಕ್ಷಿಪಣಿಯ ಕಣ್ಣು ಚುರುಕಾಗುತ್ತಾ ಹೋಯಿತು. ಇಂಡಿಯಂ ಆಂಟಿಮೊನೈಡ್ ಸಂವೇದಕವನ್ನು ತಣ್ಣಗಿಟ್ಟರೆ ಹೊಗೆಯ ಬಿಸಿ, ರೆಕ್ಕೆಯಂಚಿನ ಬಿಸಿಯೂ ಕಾಣುತ್ತದೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಹೊತ್ತಿಗೆ ಎದುರಿನಿಂದಲೂ ಹೊಡೆಯಬಲ್ಲ ಸೈಡ್‌ವೈಂಡರ್ ಇತ್ತು. ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್‌ಗಳೂ ಬಂದವು. ತಪ್ಪಿಸಿಕೊಳ್ಳಲು ಉರಿಯುವ ಫ್ಲೇರ್‌ಗಳನ್ನು ಎಸೆಯಬೇಕು. 1999ರ ಮೇ 28ರಂದು ತೋಲೋಲಿಂಗ್ ಹತ್ತಿರ ಬಿದ್ದ ನಮ್ಮ ಎಂಐ-17 ಹೆಲಿಕಾಪ್ಟರ್‌ನಲ್ಲಿ ಫ್ಲೇರ್ ಇರಲಿಲ್ಲ. ನಾಲ್ವರೂ ಸತ್ತರು.

ದೇವಯ್ಯನವರ ಕಥೆ ಹೊರಬಿದ್ದಿದ್ದು ಪಾಕಿಸ್ತಾನದ ಕಡೆಯಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಅಂತ ಬರೆದಿದ್ದರು. ಆಗ ಇಲ್ಲಿಯವರು ಲೆಕ್ಕ ಹಾಕಿ ನೋಡಿದರು: ಅಲ್ಲಿ ಹಿಂದೆ ಉಳಿದಿದ್ದ ಮಿಸ್ಟೇರ್ ಒಂದೇ. 1988ರಲ್ಲಿ, ಆ ಬೆಳಗ್ಗೆಯಿಂದ 23 ವರ್ಷದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು.