ಎಣಿಕೆಯೂ ಒಡನಾಟವೂ: ಕನ್ನಡಕ್ಕೊಂದು ಹಿಪ್‌ಹಾಪ್ ಪತ್ರಿಕೆ ಬೇಕೆಂದರೆ

ಹಿಪ್‌ಹಾಪ್ ಸಂಗೀತಕ್ಕೇ ಮೀಸಲಾದ ಮಾಸಪತ್ರಿಕೆಯೊಂದನ್ನು ಕನ್ನಡದಲ್ಲಿ ಹೊರಡಿಸಲು ಮುಂದಾದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಕೊಂಡು ಓದುವವರು ಯಾರು? ‘ಆಲ್ ಓಕೆ’ ಹೆಸರಿನ ಅಲೋಕ್ ಬಾಬು, ಚಂದನ್ ಶೆಟ್ಟಿ, ರಾಹುಲ್ ಡಿಟ್-ಓ, ಎಂ.ಸಿ. ಬಿಜ್ಜು, ಗುಬ್ಬಿ, ಸಿರಿ ಮೊದಲಾದವರ ಹಾಡುಗಳಿಗೆ ಕೇಳುಗರಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ‘ಬಿಗ್ ಬಾಸ್’ ಗೆದ್ದಾಗ ಕನ್ನಡ ರ‍್ಯಾಪ್ ಮನೆಮನೆಯ ಮಾತಾಯಿತು. ಆದರೆ ಹಾಡು ಕೇಳುವವರೆಲ್ಲ ಪತ್ರಿಕೆ ಓದುವುದಿಲ್ಲ. ಕೇಳುಗ ಎಲ್ಲಿ ಓದುಗನಾಗುತ್ತಾನೆ ಎಂದು ಮೊದಲೇ ತಿಳಿಯುವ ವಿದ್ಯೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಅದನ್ನು ಬೆಂಗಳೂರಿನ ಕಚೇರಿಯಿಂದ ನೋಡುವ ಬದಲು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಿಂತು ನೋಡಿದರೆ ಅದರ ಬಲವೂ ಕೊರತೆಯೂ ಚೆನ್ನಾಗಿ ಕಾಣುತ್ತವೆ.

ಬಳೆಗಾರರ ಗುಂಡು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಕಿರು ಶಾಸನವೊಂದಿದೆ. ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿ ಇದೇ ಶಾಸನದ ಇನ್ನೆರಡು ಪ್ರತಿಗಳಿವೆ. ಬಿ.ಎಲ್. ರೈಸ್ ಈ ಮೂರನ್ನೂ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಹೊರಟ ಸಂದೇಶ ಇಸಿಲದ ಅಧಿಕಾರಿಗಳಾದ ಮಹಾಮಾತ್ರರ ಕೈಸೇರಿ ಇಲ್ಲಿಯ ಬಂಡೆಗಳಿಗೆ ಬಂತು. ಬರೆದ ಲಿಪಿಕಾರನ ಹೆಸರು ಚಪಡ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದೇ ಬಗೆಯ ಸಂದೇಶವನ್ನು ಭೇರಿ ಬಾರಿಸಿ ಜನರಿಗೆ ಸಾರಬೇಕೆಂಬ ಆಜ್ಞೆ ಎರ್ರಗುಡಿಯ ಶಾಸನದಲ್ಲಿದೆ. ಆನೆ ಏರುವವರು, ಲಿಪಿಕಾರರು, ಕುದುರೆ ಪಳಗಿಸುವವರು ಹೀಗೆ ಬೇರೆ ಬೇರೆ ಕಸುಬಿನವರಿಗೆ ಬೇರೆ ಬೇರೆಯಾಗಿ ತಿಳಿಸಬೇಕೆಂಬ ವಿವರವೂ ಅಲ್ಲಿದೆ. ಕೇಳುಗರೆಲ್ಲ ಒಂದೇ ಗುಂಪಲ್ಲ ಎಂಬ ಅರಿವು ಅಷ್ಟು ಹಳೆಯದು.

ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಜನ ಬಳೆಗಾರರ ಗುಂಡು ಎನ್ನುತ್ತಿದ್ದರು. ಜಾತ್ರೆಯಲ್ಲಿ ಬಳೆ ಮಾರುವವರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ನೆರಳಿನ ಕಂಬ ನಿಲ್ಲಿಸಲು ಬಂಡೆಯಲ್ಲಿ ಕುಳಿ ತೋಡಿದ್ದೂ ಉಂಟು. ವರ್ಷವರ್ಷವೂ ಹಾಗೆ ಸವೆದು ಅಕ್ಷರಗಳು ಬಹಳಷ್ಟು ಅಳಿಸಿವೆ. ರಾಜ ತನ್ನ ಮಾತನ್ನು ತಲುಪಿಸಲು ಬಂಡೆ ಆರಿಸಿದ. ಗಿರಾಕಿ ಎಲ್ಲಿ ನಿಲ್ಲುತ್ತಾಳೆ ಎಂದು ಬಲ್ಲ ಬಳೆಗಾರ ಅದೇ ಬಂಡೆ ಆರಿಸಿದ. ಪತ್ರಿಕೆ ಮಾಡುವವರಿಗೆ ಈ ಎರಡೂ ಬಗೆಯ ತಿಳಿವಳಿಕೆ ಬೇಕು.

ತಲೆಹೊರೆ, ಕಾಗದ, ಪ್ರತಿ

ಕನ್ನಡ ಪತ್ರಿಕೆಗಳ ಮೊದಲ ತಲೆಮಾರಿಗೆ ಓದುಗರ ಸಮೀಕ್ಷೆ ಎಂಬ ಪ್ರತ್ಯೇಕ ಕೆಲಸ ಇರಲಿಲ್ಲ. ಕಾದಂಬರಿಕಾರ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ನಡೆಸುತ್ತ, ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಓದುಗನ ಮನೆ ಬಾಗಿಲಲ್ಲೇ ಅವನ ರುಚಿ ತಿಳಿಯುತ್ತಿತ್ತು. 1921ರ ‘ಕರ್ಮವೀರ’, 1956ರ ‘ಕಸ್ತೂರಿ’, 1965ರ ‘ಸುಧಾ’ಗಳ ಕಾಲಕ್ಕೆ ಆ ಕೆಲಸವನ್ನು ಓದುಗರ ಪತ್ರಗಳು ಮತ್ತು ಏಜೆಂಟರು ಮಾಡಿದರು. ಎಷ್ಟು ಪ್ರತಿ ಹೋಯಿತು, ಎಷ್ಟು ವಾಪಸು ಬಂತು ಎಂಬುದೇ ಸಂಪಾದಕರ ಪಾಲಿನ ಫಲಿತಾಂಶ.

ಸಂಗೀತದಲ್ಲಿ ಇದೇ ಕೆಲಸ ಮಾಡಿದ್ದು ರೇಡಿಯೋ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ ‘ಬಿನಾಕಾ ಗೀತಮಾಲಾ’ ರೆಕಾರ್ಡ್ ಮಾರಾಟದ ಜೊತೆಗೆ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಕಾರ್ಡುಗಳು ರಾಶಿಯಾಗಿ ಬಂದವು. ಆದರೆ ಕಾರ್ಡು ಬರೆಯುವವರು ಉತ್ಸಾಹಿಗಳು. ಬರೆಯದೆ ಸುಮ್ಮನೆ ಕೇಳುವವರು ಯಾರು ಎಂಬುದು ಆ ರಾಶಿಯಿಂದ ತಿಳಿಯಲಿಲ್ಲ.

ಎಣಿಕೆಯ ಶಾಸ್ತ್ರ

ಆ ಕೊರತೆ ತುಂಬಲು ಹೊರಟದ್ದೇ ಸಮೀಕ್ಷಾ ವಿದ್ಯೆ. ಬಿಬಿಸಿ 1936ರಲ್ಲಿ ರಾಬರ್ಟ್ ಸಿಲ್ವಿಯ ನೇತೃತ್ವದಲ್ಲಿ ಕೇಳುಗರ ಸಂಶೋಧನಾ ವಿಭಾಗ ತೆರೆಯಿತು. ಅಮೆರಿಕದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ 1937ರಿಂದ ರೇಡಿಯೋ ಸಂಶೋಧನಾ ಯೋಜನೆ ನಡೆಸಿದರು. ಅವರ ಒಡನಾಡಿ ರಾಬರ್ಟ್ ಮರ್ಟನ್ ರೂಪಿಸಿದ ಕೇಂದ್ರೀಕೃತ ಸಂದರ್ಶನದಿಂದ ಇಂದಿನ ಫೋಕಸ್ ಗ್ರೂಪ್ ಬೆಳೆಯಿತು. ಮಾಧ್ಯಮ ಜನರನ್ನು ಏನು ಮಾಡುತ್ತದೆ ಎಂಬುದಕ್ಕಿಂತ ಜನ ಮಾಧ್ಯಮವನ್ನು ಏತಕ್ಕೆ ಬಳಸುತ್ತಾರೆ ಎಂದು ಕೇಳಬೇಕೆಂದು ಎಲಿಹು ಕಾಟ್ಜ್ ಒತ್ತಾಯಿಸಿದರು. ಹಾಡಿನ ಪತ್ರಿಕೆಗೆ ಇದು ಬಲು ಉಪಯುಕ್ತವಾದ ಪ್ರಶ್ನೆ.

ಭಾರತದಲ್ಲಿ 1948ರಲ್ಲಿ ಬಂದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಮಾರಾಟವಾದ ಪ್ರತಿಗಳನ್ನು ಲೆಕ್ಕ ಹಾಕಿತು. ಒಂದು ಪ್ರತಿಯನ್ನು ಮನೆಯವರೆಲ್ಲ ಓದುತ್ತಾರೆ, ಕ್ಷೌರದಂಗಡಿಯಲ್ಲಿ ಹತ್ತು ಜನ ಓದುತ್ತಾರೆ. ಹಾಗಾಗಿ ಪ್ರತಿಯ ಬದಲು ಓದುಗರನ್ನೇ ಎಣಿಸುವ ರಾಷ್ಟ್ರೀಯ ಸಮೀಕ್ಷೆಗಳು 1970ರ ದಶಕದಲ್ಲಿ ನಡೆದವು. 1995ರಲ್ಲಿ ಇಂಡಿಯನ್ ರೀಡರ್‌ಶಿಪ್ ಸರ್ವೆ ಆರಂಭವಾಯಿತು. ಲಕ್ಷಗಟ್ಟಲೆ ಮನೆಗಳಿಗೆ ಹೋಗುತ್ತಿದ್ದ ಈ ಸಮೀಕ್ಷೆ ಜಾಹೀರಾತಿನ ದರವನ್ನೇ ನಿರ್ಧರಿಸುವಷ್ಟು ಪ್ರಬಲವಾಯಿತು. 2014ರಲ್ಲಿ ಪ್ರಕಟವಾದ ಅಂಕಿಗಳು ಚೆನ್ನೈನ ವಾಣಿಜ್ಯ ಪತ್ರಿಕೆಯೊಂದಕ್ಕೆ ಚೆನ್ನೈಗಿಂತ ಮಣಿಪುರದಲ್ಲೇ ಹೆಚ್ಚು ಓದುಗರೆಂದು ತೋರಿಸಿದಾಗ ಪ್ರಕಾಶಕರು ಬಹಿರಂಗವಾಗಿ ಪ್ರತಿಭಟಿಸಿದರು. ಎಣಿಕೆ ದೊಡ್ಡದಾದ ಮಾತ್ರಕ್ಕೆ ನಿಜವಾಗುವುದಿಲ್ಲ ಎಂದು ಅಂದು ಎಲ್ಲರಿಗೂ ಮನವರಿಕೆಯಾಯಿತು.

2011ರಲ್ಲಿ ಬಳಕೆಗೆ ಬಂದ ಕುಟುಂಬಗಳ ವರ್ಗೀಕರಣವೂ ಯೋಚಿಸಬೇಕಾದದ್ದು. ಮನೆಯ ಮುಖ್ಯ ದುಡಿಮೆಗಾರರ ಓದು, ಮನೆಯಲ್ಲಿರುವ ಫ್ರಿಜ್, ವಾಷಿಂಗ್ ಮಷೀನಿನಂಥ ವಸ್ತುಗಳ ಸಂಖ್ಯೆ ಇವನ್ನು ಸೇರಿಸಿ ಕುಟುಂಬಕ್ಕೊಂದು ದರ್ಜೆ ಕೊಡುತ್ತಾರೆ. ಸಾಬೂನು ಮಾರುವವರಿಗೆ ಇದು ಸಾಕು. ಮಗ್ಗದ ಮನೆಯ ಹುಡುಗನೊಬ್ಬ ರಾತ್ರಿ ಕೂತು ಪ್ರಾಸ ಕಟ್ಟುತ್ತಾನೆಯೇ ಎಂಬುದು ಈ ದರ್ಜೆಯಿಂದ ತಿಳಿಯುವುದಿಲ್ಲ.

ಹಳ್ಳಿಯಲ್ಲಿ ಕೂತು ಕೇಳಿದವರು

ಇದಕ್ಕೆ ಪೂರಕವಾದ ಇನ್ನೊಂದು ಪರಂಪರೆ ನಮ್ಮಲ್ಲೇ ಇದೆ. 1956ರಲ್ಲಿ ಆಕಾಶವಾಣಿ ಮತ್ತು ಯುನೆಸ್ಕೊ ಪುಣೆ ಸುತ್ತಲಿನ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ಏರ್ಪಡಿಸಿದವು. ಕೇಳಿದ್ದನ್ನು ರೈತರು ಹೇಗೆ ಚರ್ಚಿಸುತ್ತಾರೆ ಎಂದು ಪಾಲ್ ನ್ಯೂರಾತ್ ಅಧ್ಯಯನ ಮಾಡಿದರು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ತಲುಪಿತು. ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಇಸ್ರೊ ಆಗ ಪ್ರಶ್ನಾವಳಿಯ ಸಮೀಕ್ಷೆಯೊಂದಿಗೆ, ಕೆಲವು ಹಳ್ಳಿಗಳಲ್ಲೇ ವಾಸವಿದ್ದು ಜನರನ್ನು ಗಮನಿಸುವ ಮಾನವಶಾಸ್ತ್ರಜ್ಞರನ್ನೂ ಕಳಿಸಿತು. ಎಣಿಕೆಯೂ ಒಡನಾಟವೂ ಜೊತೆಯಾಗಿ ನಡೆದ ಈ ಪ್ರಯೋಗ ಇಂದಿಗೂ ಮಾದರಿಯಾಗಿ ನಿಲ್ಲುತ್ತದೆ.

ಹಿಪ್‌ಹಾಪ್ ಪತ್ರಿಕೆಗಳ ಪಾಠ

ಹಿಪ್‌ಹಾಪ್ ಹುಟ್ಟಿದ್ದು 1973ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಮೋಜಿನ ಕೂಟಗಳಲ್ಲಿ. ಅದರ ಪ್ರಮುಖ ಪತ್ರಿಕೆ ‘ದಿ ಸೋರ್ಸ್’ 1988ರಲ್ಲಿ ಬಂತು. ಹಾರ್ವರ್ಡ್‌ನ ವಿದ್ಯಾರ್ಥಿ ಡೇವಿಡ್ ಮೇಸ್ ತಮ್ಮ ಕಾಲೇಜು ರೇಡಿಯೋದ ರ‍್ಯಾಪ್ ಕಾರ್ಯಕ್ರಮದ ಕೇಳುಗರಿಗೆ ಒಂದು ಹಾಳೆಯ ಸುದ್ದಿಪತ್ರ ಕಳಿಸುತ್ತಿದ್ದರು. ಅದೇ ಪತ್ರಿಕೆಯಾಯಿತು. ಅಂದರೆ ಓದುಗರ ಪಟ್ಟಿ ಮೊದಲು, ಪತ್ರಿಕೆ ಆಮೇಲೆ. ಕ್ವಿನ್ಸಿ ಜೋನ್ಸ್ ಅವರ ‘ವೈಬ್’ ಇನ್ನೊಂದು ದಾರಿ ಹಿಡಿಯಿತು. 1992ರಲ್ಲಿ ಒಂದು ಪರೀಕ್ಷಾ ಸಂಚಿಕೆ ಮಾರುಕಟ್ಟೆಗೆ ಬಿಟ್ಟು, ಅದು ಹೇಗೆ ಹೋಯಿತೆಂದು ನೋಡಿ, 1993ರಲ್ಲಿ ನಿಯಮಿತವಾಗಿ ಹೊರಬಂತು. ಕಡಿಮೆ ಬಂಡವಾಳದ ಕನ್ನಡ ಪತ್ರಿಕೆಗೆ ಈ ಎರಡೂ ಕೈಗೆಟುಕುವ ವಿಧಾನಗಳು.

ಪರದೆಯ ಅಂಕಿ

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2019ರಲ್ಲಿ ‘ಗಲ್ಲಿ ಬಾಯ್’ ಸಿನಿಮಾ ರ‍್ಯಾಪ್ ಅನ್ನು ಸಣ್ಣ ಊರುಗಳಿಗೂ ಮುಟ್ಟಿಸಿತು. ಇಂದು ಗಾಯಕರೇ ತಮ್ಮ ಹಾಡನ್ನು ಯಾವ ಊರಿನವರು, ಯಾವ ವಯಸ್ಸಿನವರು, ಎಷ್ಟು ಹೊತ್ತು ಕೇಳಿದರೆಂದು ಫೋನಿನಲ್ಲೇ ನೋಡಬಹುದು. ಹಿಂದೆ ಯಾವ ಸಂಪಾದಕರಿಗೂ ಸಿಗದ ಸೌಕರ್ಯ ಇದು. ಆದರೆ ಈ ಅಂಕಿಗಳಿಗೆ ಮಿತಿಗಳಿವೆ. ನಕಲಿ ಫಾಲೋವರ್ ಮತ್ತು ವೀಕ್ಷಣೆ ಮಾರುವ ಜಾಲದ ಬಗ್ಗೆ 2020ರಲ್ಲಿ ಮುಂಬೈ ಪೊಲೀಸರು ತನಿಖೆ ನಡೆಸಬೇಕಾಯಿತು. ಅಣ್ಣನ ಫೋನಿನಲ್ಲಿ ಕೇಳುವ ತಂಗಿ ಅಂಕಿಯಲ್ಲಿ ಗಂಡಸಾಗಿ ಕಾಣುತ್ತಾಳೆ. ಹಾಡನ್ನು ಎಷ್ಟು ಸಲ ಕೇಳಿದರು ಎಂಬುದು ಗೊತ್ತಾಗುತ್ತದೆ, ಹಾಡಿದವರ ಬಗ್ಗೆ ನಾಲ್ಕು ಪುಟ ಓದುವ ಆಸೆ ಇದೆಯೇ ಎಂಬುದು ಗೊತ್ತಾಗುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಕೇಳಬೇಕಾದದ್ದು

ಈ ಸೀಮೆಯನ್ನು ಪರೀಕ್ಷೆಯ ನೆಲವಾಗಿ ಆರಿಸಲು ಕಾರಣಗಳಿವೆ. ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳ ಊರು, ಮೊಳಕಾಲ್ಮೂರು ರೇಷ್ಮೆ ಸೀರೆಯ ಮಗ್ಗಗಳ ಊರು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದರೆ ಪಕ್ಕದಲ್ಲೇ ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಿವೆ. ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇರುವುದರಿಂದ ಕನ್ನಡದ ಜೊತೆ ತೆಲುಗು ಹಾಡುಗಳೂ ಕಿವಿಯಲ್ಲಿರುತ್ತವೆ. ಮಿಗಿಲಾಗಿ, ಇದು ಮಾತನ್ನು ಲಯಕ್ಕೆ ಕಟ್ಟಿ ಹೇಳುವ ಕಲೆ ಬೇರೂರಿದ ನೆಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ವರ್ಷಗಟ್ಟಲೆ ಒಡನಾಡಿ ಅವನ್ನು ದಾಖಲಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಈ ಕಿವಿಗಳಿಗೆ ರ‍್ಯಾಪ್ ಪರಕೀಯವಲ್ಲ.

ಕೆಲಸ ಮೂರು ಹಂತದ್ದು. ಮೊದಲು, ಆರೇಳು ಜನರ ಸಣ್ಣ ಗುಂಪುಗಳಲ್ಲಿ ಮಾತುಕತೆ: ಪದವಿ ಕಾಲೇಜಿನವರು, ಐಟಿಐ ಹುಡುಗರು, ಗಿರಣಿ ಕಾರ್ಮಿಕರು, ನೇಕಾರರ ಮಕ್ಕಳು. ಹುಡುಗಿಯರ ಗುಂಪು ಬೇರೆಯೇ ಇರಬೇಕು, ಮಾತಾಡಿಸುವವರೂ ಹೆಣ್ಣುಮಕ್ಕಳಾಗಿರಬೇಕು. ಎರಡನೆಯದು ಪ್ರಶ್ನಾವಳಿ. ಇಲ್ಲಿ ಎಚ್ಚರ ಬೇಕು. “ನಿಮಗೆ ಹಿಪ್‌ಹಾಪ್ ಇಷ್ಟವೇ?” ಎಂದು ಕೇಳಿದರೆ ಬಂದವರ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೌದು ಎನ್ನುತ್ತಾರೆ. “ನಿನ್ನೆ ಸಂಜೆ ಯಾವ ಹಾಡು ಕೇಳಿದೆಯಪ್ಪ? ಯಾರ ಫೋನಿನಲ್ಲಿ? ಅದರ ಸಾಲು ಬರೆದವರು ಯಾರು ಗೊತ್ತಾ? ಹೋದ ತಿಂಗಳು ಓದುವುದಕ್ಕೆ ಅಂತ ಏನಾದರೂ ಕೊಂಡೆಯಾ, ಎಷ್ಟು ಕೊಟ್ಟೆ?” ಎಂದು ಕೇಳಿದರೆ ಉತ್ತರ ನಡೆದದ್ದನ್ನು ಹೇಳುತ್ತದೆ. ಮೂರನೆಯದು ಹದಿನಾರು ಪುಟದ ಮಾದರಿ ಸಂಚಿಕೆ. ಅದನ್ನು ಪುಕ್ಕಟೆ ಹಂಚಬಾರದು. ಸಣ್ಣದಾದರೂ ಬೆಲೆಯಿಟ್ಟು ಬಸ್ ನಿಲ್ದಾಣದಲ್ಲಿ, ನಾಯಕನಹಟ್ಟಿ ಜಾತ್ರೆಯಲ್ಲಿ, ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಮಾರಬೇಕು. ಎರಡು ವಾರದ ಮೇಲೆ ಕೊಂಡವರನ್ನು ಮತ್ತೆ ಮಾತಾಡಿಸಿ ಯಾವ ಪುಟ ಓದಿದರು, ಯಾರಿಗೆ ಕೊಟ್ಟರು ಎಂದು ಕೇಳಬೇಕು.

ಬೆಂಗಳೂರಿನ ಸ್ಟುಡಿಯೋಗಳ ಸುತ್ತ ನೂರು ಜನರನ್ನು ಕೇಳಿ ಪತ್ರಿಕೆ ಆರಂಭಿಸಿದರೆ ಅದು ಹಾಡುವವರ ಬಳಗದೊಳಗೇ ಉಳಿದುಬಿಡುತ್ತದೆ. ಕನ್ನಡ ರ‍್ಯಾಪ್ ಬೆಳೆಯಬೇಕಾದರೆ ಅದರ ಬಗ್ಗೆ ಬರೆಯುವ, ವಿಮರ್ಶಿಸುವ, ತಪ್ಪು ತಿದ್ದುವ ಪತ್ರಿಕೆ ಬೇಕೇ ಬೇಕು. ಅಂಥದ್ದಕ್ಕೆ ಕೈಹಾಕುವವರಲ್ಲಿ ಒಂದೇ ಕೋರಿಕೆ: ಮುಖಪುಟಕ್ಕೆ ಹಣ ಸುರಿಯುವ ಮುನ್ನ ಮೊಳಕಾಲ್ಮೂರಿನಂಥ ನಾಲ್ಕು ಊರುಗಳಿಗೆ ಹೋಗಿ, ಹುಡುಗರ ಜೊತೆ ಹುಡುಗಿಯರ ಮಾತನ್ನೂ ಪೂರ್ತಿ ಕೇಳಿ, ಆಮೇಲೆ ಮೊದಲ ಸಂಚಿಕೆಯ ಪುಟಗಳನ್ನು ಗೊತ್ತುಮಾಡಿ.