ಒಂದೇ ಪೆಟ್ಟಿಗೆ, ಮನೆಮಂದಿಯ ಕಿವಿ

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು. ಯಂತ್ರದ ಚರಿತ್ರೆಯನ್ನು ಮನಸ್ಸಿನ ಕಡೆಯಿಂದಲೂ ಓದಬೇಕೆನ್ನಲು ನನಗೆ ಅವರು ಮನಃಶಾಸ್ತ್ರದವರೆಂಬುದೇ ಸಾಕು. ಆ ಕಾಲದ ಮನೆಗಳನ್ನೇ ನೋಡಿ: ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡ ವಾಲ್ವ್ ರೇಡಿಯೊ, ಗುಂಡಿ ತಿರುಗಿಸಿದರೂ ಒಳಗೆ ಬಿಸಿಯೇರುವ ತನಕ ಬಾಯಿ ಬಿಡುತ್ತಿರಲಿಲ್ಲ. ಆ ಮೌನದಲ್ಲಿ ಮನೆಮಂದಿ ಒಟ್ಟಿಗೆ ಕಾಯಬೇಕಿತ್ತು. ಎಲ್ಲರೂ ಕೇಳಿದ್ದು ಒಂದನ್ನೇ ಆದ್ದರಿಂದ ಊಟಕ್ಕೆ ಕೂತಾಗ ಮಾತಿಗೆ ಬರವಿರಲಿಲ್ಲ. ಗುಂಡಿ ಯಜಮಾನನ ಕೈಯಲ್ಲಿತ್ತು, ಹೆಂಗಸರ, ಮಕ್ಕಳ ಇಷ್ಟವನ್ನು ಯಾರು ಕೇಳುತ್ತಿದ್ದರು ಎಂಬ ಆಕ್ಷೇಪ ಎಷ್ಟೋ ಮನೆಗಳ ಮಟ್ಟಿಗೆ ನಿಜ. ಟ್ರಾನ್ಸಿಸ್ಟರ್ ಬಂದು ಹಾಡು ಅಡುಗೆಮನೆಗೂ ಹೊಲಕ್ಕೂ ಹೋದದ್ದು ಬಿಡುಗಡೆಯೇ. ಆದರೆ ಒಟ್ಟಿಗೆ ಕಾಯುವ ಹೊತ್ತು ಕಳೆದದ್ದೂ ಅಲ್ಲೇ. ಬೇರೆಬೇರೆಯಾಗಿ ಕೇಳುವುದನ್ನು ಮೊಬೈಲ್ ಹುಟ್ಟಿಸಲಿಲ್ಲ, ಮುಂದುವರಿಸಿತು.