ತರಬೇತಿ ವಿಮಾನ ಮತ್ತು ಪ್ರಯಾಣಿಕ ವಿಮಾನಗಳ ಅಪಾಯಕರ ಸಾಮೀಪ್ಯ

ಹಾರಾಟದಲ್ಲಿರುವ ಎರಡು ವಿಮಾನಗಳ ನಡುವಣ ಅಂತರ, ಅವುಗಳ ಪರಸ್ಪರ ಸ್ಥಾನ ಮತ್ತು ವೇಗ ಇವುಗಳಿಂದಾಗಿ ಸುರಕ್ಷತೆಗೆ ಧಕ್ಕೆ ಬಂದಿರಬಹುದೆಂದು ಪೈಲಟ್ ಅಥವಾ ವಾಯು ಸಂಚಾರ ಸೇವೆಯ ಸಿಬ್ಬಂದಿ ಅಭಿಪ್ರಾಯಪಡುವ ಸನ್ನಿವೇಶವನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ‘ಏರ್‌ಪ್ರಾಕ್ಸ್’ ಎಂದು ಕರೆಯುತ್ತದೆ. ಇಂತಹ ಘಟನೆಗಳಲ್ಲಿ ಒಂದು ಕಡೆ ಸೆಸ್ನಾ 172ರಂತಹ ಒಂಟಿ ಎಂಜಿನ್‌ನ ತರಬೇತಿ ವಿಮಾನ, ಇನ್ನೊಂದು ಕಡೆ ಪ್ರಯಾಣಿಕರನ್ನು ಹೊತ್ತ ಜೆಟ್ ಇರುವ ಪ್ರಸಂಗಗಳಿಗೆ ವಿಮಾನ ಸುರಕ್ಷತೆಯ ಅಧ್ಯಯನದಲ್ಲಿ ವಿಶೇಷ ಸ್ಥಾನವಿದೆ. ವೇಗ, ಉಪಕರಣ, ಪೈಲಟ್‌ನ ಅನುಭವ ಮತ್ತು ಅನುಸರಿಸುವ ನಿಯಮ ಈ ನಾಲ್ಕರಲ್ಲೂ ಭಿನ್ನವಾದ ವಿಮಾನಗಳು ನಿಲ್ದಾಣಗಳ ಸುತ್ತಲಿನ ಕಿರಿದಾದ ಆಕಾಶವನ್ನು ಹಂಚಿಕೊಳ್ಳಬೇಕಾಗಿ ಬರುವುದೇ ಇದಕ್ಕೆ ಕಾರಣ.

ವರ್ಗೀಕರಣ

ಅಮೆರಿಕದಲ್ಲಿ ಎರಡು ವಿಮಾನಗಳು 500 ಅಡಿಗಿಂತ (ಸುಮಾರು 150 ಮೀಟರ್) ಹತ್ತಿರ ಬಂದಾಗ ಅಥವಾ ಡಿಕ್ಕಿಯ ಅಪಾಯವಿತ್ತೆಂದು ಪೈಲಟ್ ವರದಿ ಮಾಡಿದಾಗ ಅದನ್ನು ಆಕಾಶದಲ್ಲಿ ಸ್ವಲ್ಪದರಲ್ಲೇ ತಪ್ಪಿದ ಡಿಕ್ಕಿ ಎಂದು ದಾಖಲಿಸಲಾಗುತ್ತದೆ. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ನಾಲ್ಕು ವರ್ಗಗಳಿವೆ: ಡಿಕ್ಕಿಯ ಅಪಾಯವಿದ್ದದ್ದು ‘ಎ’, ಸುರಕ್ಷತೆಯ ಭರವಸೆ ಇಲ್ಲದಿದ್ದದ್ದು ‘ಬಿ’, ಡಿಕ್ಕಿಯ ಅಪಾಯವಿರದಿದ್ದದ್ದು ‘ಸಿ’, ಮಾಹಿತಿಯ ಕೊರತೆಯಿಂದ ಅಪಾಯವನ್ನು ನಿರ್ಧರಿಸಲಾಗದ್ದು ‘ಡಿ’. ಡಿಕ್ಕಿಯನ್ನು ತಪ್ಪಿಸಲು ವಿಮಾನವನ್ನು ಹಠಾತ್ತಾಗಿ ಹೊರಳಿಸಬೇಕಾಗಿ ಬಂದ ಪ್ರಸಂಗಗಳು ‘ಗಂಭೀರ ಘಟನೆ’ಗಳೆನಿಸಿ, ಅಪಘಾತದಂತೆಯೇ ತನಿಖೆಗೆ ಒಳಪಡುತ್ತವೆ.

ಒಂದೇ ಆಕಾಶದಲ್ಲಿ ಎರಡು ನಿಯಮಗಳು

ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಉಪಕರಣ ಆಧಾರಿತ ನಿಯಮಗಳ ಪ್ರಕಾರ, ಅಂದರೆ ಕಾಕ್‌ಪಿಟ್‌ನ ಸೂಚಕಗಳನ್ನೂ ನಿಯಂತ್ರಕರ ಅನುಮತಿಯನ್ನೂ ಅನುಸರಿಸಿ ಹಾರುತ್ತವೆ. ಪ್ರಾಥಮಿಕ ಹಂತದ ತರಬೇತಿಯಾದರೋ ಬಹುಮಟ್ಟಿಗೆ ದೃಷ್ಟಿ ಆಧಾರಿತ ನಿಯಮಗಳ ಪ್ರಕಾರ, ಮೋಡಗಳಿಂದ ದೂರವಿದ್ದು ಹೊರಗೆ ನೋಡುತ್ತ ನಡೆಯುತ್ತದೆ. ಆಕಾಶವನ್ನು ‘ಎ’ಯಿಂದ ‘ಜಿ’ವರೆಗೆ ಏಳು ವರ್ಗಗಳಾಗಿ ವಿಂಗಡಿಸಲಾಗಿದ್ದು, ‘ಬಿ’ ವರ್ಗದಲ್ಲಿ ಎಲ್ಲ ವಿಮಾನಗಳನ್ನೂ ಪರಸ್ಪರ ಬೇರ್ಪಡಿಸುವ ಹೊಣೆ ನಿಯಂತ್ರಕರದು. ‘ಡಿ’ ಮತ್ತು ‘ಇ’ ವರ್ಗಗಳಲ್ಲಿ ಎರಡು ಬಗೆಯ ನಿಯಮಗಳಲ್ಲಿ ಹಾರುವವರ ನಡುವೆ ಇಂತಿಷ್ಟೇ ಅಂತರವಿರಬೇಕೆಂಬ ಕಟ್ಟಳೆಯಿಲ್ಲ. ಒಬ್ಬರ ಇರವನ್ನು ಇನ್ನೊಬ್ಬರಿಗೆ ತಿಳಿಸಿದ ಮೇಲೆ ಕಂಡು ತಪ್ಪಿಸಿಕೊಳ್ಳುವುದು ಪೈಲಟ್‌ಗಳ ಪಾಲಿಗೆ ಬರುತ್ತದೆ.

ತರಬೇತಿಯ ಅಗತ್ಯಗಳೂ ಈ ಸಾಮೀಪ್ಯವನ್ನು ಹೆಚ್ಚಿಸುತ್ತವೆ. ಮಂಜು ಮೋಡಗಳಲ್ಲಿಯೂ ರನ್‌ವೇಗೆ ದಾರಿ ತೋರುವ ರೇಡಿಯೋ ವ್ಯವಸ್ಥೆ, ಅಂದರೆ ಐಎಲ್‌ಎಸ್, ಹೆಚ್ಚಾಗಿ ದೊಡ್ಡ ನಿಲ್ದಾಣಗಳಲ್ಲಿರುವುದರಿಂದ ಅದರ ಅಭ್ಯಾಸಕ್ಕೆ ಸಣ್ಣ ವಿಮಾನಗಳು ಅಲ್ಲಿಗೇ ಹೋಗಬೇಕಾಗುತ್ತದೆ. ಈ ಅಭ್ಯಾಸದಲ್ಲಿ ಶಿಕ್ಷಣಾರ್ಥಿಯು ಹೊರನೋಟವನ್ನು ಮರೆಮಾಡುವ ಮುಸುಕನ್ನು ಧರಿಸುವುದರಿಂದ ಸುತ್ತ ನೋಡುವ ಕೆಲಸ ಬೋಧಕರೊಬ್ಬರ ಮೇಲೆ ಬೀಳುತ್ತದೆ. ರನ್‌ವೇಯ ಸುತ್ತ ಆಯತಾಕಾರದ ಪಥದಲ್ಲಿ ಮತ್ತೆ ಮತ್ತೆ ಏರಿಳಿಯುವ ‘ಸರ್ಕ್ಯೂಟ್’ ಅಭ್ಯಾಸದಲ್ಲಿ ರೇಡಿಯೋ ಸಂಭಾಷಣೆ, ವೇಗ ಮತ್ತು ಎತ್ತರಗಳ ಕಡೆಗೆ ಗಮನ ಹಂಚಿಹೋಗುತ್ತದೆ. ರೆಕ್ಕೆ ಮೇಲಿರುವ ಸೆಸ್ನಾದಂತಹ ವಿಮಾನದಲ್ಲಿ ಮೇಲ್ಭಾಗವೂ, ರೆಕ್ಕೆ ಕೆಳಗಿರುವ ಪೈಪರ್‌ನಂತಹ ವಿಮಾನದಲ್ಲಿ ಕೆಳಭಾಗವೂ ಪೈಲಟ್‌ಗೆ ಸರಿಯಾಗಿ ಕಾಣಿಸುವುದಿಲ್ಲ.

ಕಣ್ಣಿನ ಮಿತಿ

ಹೊರಗಿನ ವಿಮಾನವನ್ನು ಕಂಡು, ಅಪಾಯವನ್ನು ಗ್ರಹಿಸಿ, ನಿರ್ಧರಿಸಿ, ತನ್ನ ವಿಮಾನ ಹೊರಳುವವರೆಗೆ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ ಹೇಳುತ್ತದೆ. 250 ನಾಟ್ ವೇಗದ ಜೆಟ್ ಮತ್ತು 100 ನಾಟ್ ವೇಗದ ತರಬೇತಿ ವಿಮಾನ ಎದುರುಬದುರಾಗಿ ಬಂದರೆ ಅಷ್ಟು ಹೊತ್ತಿನಲ್ಲಿ ಅವುಗಳ ನಡುವಣ ಸುಮಾರು 2.25 ಕಿ.ಮೀ. ಅಂತರ ಪೂರ್ತಿ ಕರಗಿಹೋಗುತ್ತದೆ. ಆ ದೂರದಲ್ಲಿ 11 ಮೀಟರ್ ರೆಕ್ಕೆಹರವಿನ ಸೆಸ್ನಾ, ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಅರ್ಧದಷ್ಟು ಉದ್ದದ ತೆಳುಗೆರೆಯಾಗಿ ಮಾತ್ರ ತೋರಬಲ್ಲದು. ಇದಲ್ಲದೆ, ಸ್ಥಿರ ವೇಗದಲ್ಲಿ ನೇರವಾಗಿ ಡಿಕ್ಕಿಯ ಪಥದಲ್ಲಿರುವ ವಿಮಾನವು ಗಾಜಿನ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಚಲಿಸುವ ವಸ್ತುವನ್ನು ಬೇಗ ಗುರುತಿಸುವ ಕಣ್ಣಂಚಿನ ದೃಷ್ಟಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ.

ಪ್ರಮುಖ ದುರಂತಗಳು

ಈ ಅಪಾಯದ ಸ್ವರೂಪ ಸ್ಪಷ್ಟವಾದದ್ದು ಅಮೆರಿಕದ ಕೆಲವು ಡಿಕ್ಕಿಗಳ ತನಿಖೆಯಿಂದ. 1969ರ ಸೆಪ್ಟೆಂಬರ್ 9ರಂದು ಇಂಡಿಯಾನಾಪೊಲಿಸ್‌ಗೆ ಇಳಿಯುತ್ತಿದ್ದ ಅಲೆಘೆನಿ ಏರ್‌ಲೈನ್ಸ್‌ನ ಡಿಸಿ-9 ವಿಮಾನಕ್ಕೂ ಶಿಕ್ಷಣಾರ್ಥಿಯೊಬ್ಬ ಏಕಾಂಗಿಯಾಗಿ ಹಾರಿಸುತ್ತಿದ್ದ ಪೈಪರ್ ವಿಮಾನಕ್ಕೂ ಡಿಕ್ಕಿಯಾಗಿ ಎರಡರಲ್ಲಿದ್ದ 83 ಜನರೂ ಮಡಿದರು. ಸಣ್ಣ ವಿಮಾನವು ನಿಯಂತ್ರಕರ ರೇಡಾರ್ ಪರದೆಯಲ್ಲಿ ಕಂಡಿರಲಿಲ್ಲ. ಎರಡು ಬಗೆಯ ನಿಯಮಗಳ ವಿಮಾನಗಳು ಬೆರೆಯುವಲ್ಲಿ ಡಿಕ್ಕಿ ತಪ್ಪಿಸುವ ವ್ಯವಸ್ಥೆಯೇ ಸಾಲದೆಂದು ತನಿಖೆ ಬೊಟ್ಟುಮಾಡಿತು.

1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯೇಗೊದಲ್ಲಿ ಪಿಎಸ್‌ಎ ಸಂಸ್ಥೆಯ ಬೋಯಿಂಗ್ 727 ವಿಮಾನವು, ಲಿಂಡ್‌ಬರ್ಗ್ ನಿಲ್ದಾಣದಲ್ಲಿ ಐಎಲ್‌ಎಸ್ ಅಭ್ಯಾಸ ನಡೆಸಿ ಮೇಲೇರುತ್ತಿದ್ದ ಸೆಸ್ನಾ 172ಕ್ಕೆ ಹಿಂದಿನಿಂದ ಬಡಿಯಿತು. ನೆಲದ ಮೇಲಿದ್ದ 7 ಮಂದಿಯೂ ಸೇರಿ 144 ಜನ ಸತ್ತರು. ಇಲ್ಲಿ ಸಣ್ಣ ವಿಮಾನ ರೇಡಾರ್‌ನಲ್ಲಿ ಕಂಡಿತ್ತು, ಜೆಟ್‌ನ ಪೈಲಟ್‌ಗಳಿಗೆ ಅದರ ಸುಳಿವನ್ನೂ ಕೊಡಲಾಗಿತ್ತು. ಅವರು ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಹೊಣೆ ಹೊತ್ತರಾದರೂ, ನಡುವೆ ಅದು ಕಣ್ಮರೆಯಾದದ್ದನ್ನು ನಿಯಂತ್ರಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಡಿಕ್ಕಿಗೆ 19 ಸೆಕೆಂಡು ಮೊದಲು ನಿಯಂತ್ರಣ ಕೇಂದ್ರದಲ್ಲಿ ಎಚ್ಚರಿಕೆ ಮೊಳಗಿದರೂ ಪೈಲಟ್‌ಗಳಿಗೆ ಸೆಸ್ನಾ ಕಾಣುತ್ತಿದೆಯೆಂಬ ನಂಬಿಕೆಯಿಂದ ಯಾರೂ ಮಧ್ಯೆ ಪ್ರವೇಶಿಸಲಿಲ್ಲ. ಮುಂದೆ 1980ರಲ್ಲಿ ಆ ನಗರದ ಆಕಾಶವನ್ನು, ಇಂದು ‘ಬಿ’ ವರ್ಗವೆನ್ನುವ, ಎಲ್ಲ ವಿಮಾನಗಳೂ ನಿಯಂತ್ರಣಕ್ಕೊಳಪಡುವ ವಲಯವಾಗಿ ಮಾರ್ಪಡಿಸಲಾಯಿತು.

1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಏರೋಮೆಕ್ಸಿಕೋ ಡಿಸಿ-9ಕ್ಕೆ ಡಿಕ್ಕಿಯಾದ ಪೈಪರ್ ತರಬೇತಿಯದಲ್ಲ, ಖಾಸಗಿ ಹಾರಾಟದ್ದು. ಅನುಮತಿಯಿಲ್ಲದೆ ನಿಯಂತ್ರಿತ ವಲಯವನ್ನು ಹೊಕ್ಕ ಆ ವಿಮಾನ ತನ್ನ ಎತ್ತರದ ಮಾಹಿತಿಯನ್ನು ಕಳಿಸುತ್ತಿರಲಿಲ್ಲ. 82 ಜನರ ಪ್ರಾಣ ತೆಗೆದ ಈ ಘಟನೆಯಿಂದ ಉಪಕರಣಗಳ ಕಡ್ಡಾಯ ಬಳಕೆಯ ಒತ್ತಾಯ ಬಲಗೊಂಡಿತು.

ತಾಂತ್ರಿಕ ರಕ್ಷಣೆ

ರೇಡಾರ್‌ನ ಪ್ರಶ್ನಾ ಸಂಕೇತಕ್ಕೆ ಗುರುತು ಮತ್ತು ಎತ್ತರಗಳ ಉತ್ತರ ಕೊಡುವ ಸಾಧನ ಟ್ರಾನ್ಸ್‌ಪಾಂಡರ್. ದೊಡ್ಡ ವಿಮಾನದಲ್ಲಿರುವ ಟಿಕ್ಯಾಸ್ ಎಂಬ ವ್ಯವಸ್ಥೆ ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನು ತಾನೇ ಪ್ರಶ್ನಿಸಿ, ಮೊದಲು ಎಚ್ಚರಿಕೆಯನ್ನೂ, ವಿಮಾನಗಳು ಅತಿ ಸಮೀಪ ಬರುವುದಕ್ಕೆ 15ರಿಂದ 35 ಸೆಕೆಂಡು ಮುಂಚೆ ‘ಏರು’ ಅಥವಾ ‘ಇಳಿ’ ಎಂಬ ಆದೇಶವನ್ನೂ ಕೊಡುತ್ತದೆ. 1987ರ ಅಮೆರಿಕದ ಕಾನೂನಿನಂತೆ 30ಕ್ಕಿಂತ ಹೆಚ್ಚು ಆಸನಗಳ ಪ್ರಯಾಣಿಕ ವಿಮಾನಗಳಲ್ಲಿ 1993ರ ಕೊನೆಯೊಳಗೆ ಇದು ಕಡ್ಡಾಯವಾಯಿತು. ಪ್ರಮುಖ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಸಣ್ಣ ವಿಮಾನಗಳಿಗೂ ಬೇಕಾಯಿತು.

ಈ ರಕ್ಷಣೆ ಸಣ್ಣ ವಿಮಾನದ ಸಹಕಾರವನ್ನೇ ಅವಲಂಬಿಸಿದೆ. ಅದರಲ್ಲಿ ಟ್ರಾನ್ಸ್‌ಪಾಂಡರ್ ಇಲ್ಲದಿದ್ದರೆ ಅಥವಾ ಆರಿಸಿದ್ದರೆ ಟಿಕ್ಯಾಸ್‌ಗೆ ಅದರ ಇರವೇ ತಿಳಿಯದು. ಎತ್ತರದ ಮಾಹಿತಿಯಿಲ್ಲದಿದ್ದರೆ ಎಚ್ಚರಿಕೆ ಮಾತ್ರ ಸಿಕ್ಕೀತು, ಆದೇಶ ಸಿಕ್ಕದು. ನೆಲಕ್ಕೆ ಸುಮಾರು 1,000 ಅಡಿಗಿಂತ ಹತ್ತಿರದಲ್ಲಿ ಆದೇಶಗಳನ್ನು ತಡೆಹಿಡಿಯುವಂತೆ ವ್ಯವಸ್ಥೆಯನ್ನು ರೂಪಿಸಲಾಗಿರುವುದರಿಂದ, ಸರ್ಕ್ಯೂಟ್ ಅಭ್ಯಾಸ ನಡೆಯುವ ಎತ್ತರದ ಆಸುಪಾಸಿನಲ್ಲಿ ಅದರ ನೆರವು ಕ್ಷೀಣಿಸುತ್ತದೆ. ತನ್ನ ಸ್ಥಾನವನ್ನು ತಾನಾಗಿ ಪ್ರಸಾರ ಮಾಡುವ ಎಡಿಎಸ್-ಬಿ ಸಾಧನವು 2020ರಿಂದ ಅಮೆರಿಕದ ಬಹುಪಾಲು ನಿಯಂತ್ರಿತ ಆಕಾಶದಲ್ಲಿ ಕಡ್ಡಾಯವಾಗಿದ್ದು, ಸಂಕೇತ ಗ್ರಾಹಕವಿದ್ದರೆ ಸಣ್ಣ ವಿಮಾನದ ಪೈಲಟ್‌ಗೂ ಸುತ್ತಲಿನ ಸಂಚಾರವನ್ನು ಪರದೆಯ ಮೇಲೆ ತೋರಿಸುತ್ತದೆ.

ಭಾರತದಲ್ಲಿ

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ದುರಂತದ ತರುವಾಯ ಭಾರತದಲ್ಲಿ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಸಂಸ್ಥೆಯು ಗಂಭೀರ ಘಟನೆಗಳನ್ನೂ ಪರಿಶೀಲಿಸುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ನೆರೆಯಲ್ಲೇ ಯಲಹಂಕ ವಾಯುಪಡೆ ನೆಲೆಯಿದ್ದು, 2008ರಿಂದ ಉತ್ತರಕ್ಕೆ ದೇವನಹಳ್ಳಿಯ ಅಂತಾರಾಷ್ಟ್ರೀಯ ನಿಲ್ದಾಣದ ಸಂಚಾರವೂ ಸೇರಿಕೊಂಡಿದೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಹೊಸ ತರಬೇತಿ ಸಂಸ್ಥೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿವೆ. ನಿಗದಿತ ಪ್ರಯಾಣಿಕ ವಿಮಾನಗಳು ಬಂದುಹೋಗುವ ನಿಲ್ದಾಣಗಳಲ್ಲಿ ಸರ್ಕ್ಯೂಟ್ ಅಭ್ಯಾಸದ ವೇಳೆಯನ್ನು ವೇಳಾಪಟ್ಟಿಗೆ ಹೊಂದಿಸುವುದು, ತರಬೇತಿಯ ಪ್ರದೇಶ ಮತ್ತು ಎತ್ತರಗಳನ್ನು ಮೊದಲೇ ಗೊತ್ತುಪಡಿಸುವುದು, ಜೆಟ್ ಹಾದುಹೋದ ಮೇಲೆ ಉಳಿಯುವ ಗಾಳಿಯ ಸುಳಿಗಳು ಸಣ್ಣ ವಿಮಾನವನ್ನು ಮಗುಚದಂತೆ ಸಾಕಷ್ಟು ಅಂತರ ಕಾಯುವುದು ನಿಯಂತ್ರಕರ ನಿತ್ಯದ ಹೊಣೆಗಳಾಗುತ್ತವೆ.